ತುಮಕೂರು ರೋಡ್ ಕಡೆಯ ಟಿಇಎಂ ಲ್ಯಾಬ್ ರಿವ್ಯೂ: ಕಟಿಂಗ್ ಸೂಪರ್, ರಿಪೋರ್ಟ್ ಕಾಪಿ ಪೇಸ್ಟ್

ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ, ಪೂರ್ತಿ ಓದೋ ವ್ಯವಧಾನ ಇಲ್ದೋರಿಗೆ ಅನುಕೂಲ ಆಗ್ಲಿ ಅಂತ. ಟಿಇಎಂ ಅಂದ್ರೆ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಸ್ಯಾಂಪಲ್ ಪ್ರೊಸೆಸಿಂಗ್, ಸೆಕ್ಷನ್ ಕಟಿಂಗ್ (ತೆಳು ಪದರ ಕುಯ್ಯೋದು), ಇಮೇಜಿಂಗ್ ಇಷ್ಟಕ್ಕೆ ಐದಕ್ಕೆ ನಾಲ್ಕೂವರೆ ಸ್ಟಾರ್, ಕಣ್ಮುಚ್ಕೊಂಡು ಕೊಡ್ತೀನಿ. ಜೊತೆಗೆ ಕಳಿಸೋ "ಇಂಟರ್‌ಪ್ರಿಟೇಷನ್ ರಿಪೋರ್ಟ್" ಅನ್ನೋ ಪಿಡಿಎಫ್‌ಗೆ ಒಂದು ಸ್ಟಾರ್, ಅದೂ ಪೇಜ್ ನಂಬರ್ ಸರಿಯಾಗಿ ಹಾಕಿದಾರೆ ಅನ್ನೋ ಕಾರಣಕ್ಕೆ. ನೀವು ಚಪ್ಪಟೆ ಹುಳು, ಅಂದ್ರೆ ಫ್ಲೂಕು, ಲಾಡಿಹುಳು, ಪ್ಲನೇರಿಯಾ ಇಂಥವುಗಳ ಸ್ಪರ್ಮ್ ನೋಡೋಕೆ ಅಂತ ಹೋಗ್ತಿದ್ರೆ ಈ ರಿವ್ಯೂ ನಿಮಗೇ ಬರ್ದಿದ್ದು. ಪೇಂಟು, ಪಾಲಿಮರ್ರು, ನ್ಯಾನೋ ಪೌಡರ್ ಅಂತ ಹೋಗೋರು ಬೇರೆ ರಿವ್ಯೂ ನೋಡ್ಕೊಳಿ, ಆ ಕಡೆ ವಿಚಾರ ನಂಗೊತ್ತಿಲ್ಲ.

ಲ್ಯಾಬ್ ಹೆಸರು ಹಾಕಲ್ಲ. ಅರ್ಧ ಹೊಗಳಿಕೆ ಅರ್ಧ ಬೈಗುಳ ಇರೋ ಕಡೆ ಹೆಸರು ಹಾಕಿದ್ರೆ ಬೈಗುಳ ಮಾತ್ರ ಸ್ಕ್ರೀನ್‌ಶಾಟ್ ಆಗುತ್ತೆ. ತುಮಕೂರು ರೋಡ್ ಕಡೆ ಇರೋ ಖಾಸಗಿ ಲ್ಯಾಬು, ಗ್ರೀನ್ ಲೈನ್ ಮೆಟ್ರೋ ಇಳಿದು ಆಟೋ ಹಿಡಿದ್ರೆ ಸಾಕು, ಇಷ್ಟು ತಿಳ್ಕೊಂಡ್ರೆ ಸಾಕು. ಬೆಂಗಳೂರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೇನೂ ಬರ ಇಲ್ಲ, ಐಐಎಸ್ಸಿ, ಎನ್‌ಸಿಬಿಎಸ್, ನಿಮ್ಹಾನ್ಸ್ ಎಲ್ಲಾ ಕಡೆ ಇದೆ, ಆದ್ರೆ ಡಿಗ್ರಿ ಕಾಲೇಜಲ್ಲಿ ಝುವಾಲಜಿ ಪಾಠ ಮಾಡೋ ನನ್ನಂಥೋರು ಎಂಎಸ್ಸಿ ಹುಡುಗ್ರ ಪ್ರಾಜೆಕ್ಟಿಗೆ ಅಂತ ದೊಡ್ಡ ಸಂಸ್ಥೆಗಳ ಸ್ಲಾಟ್ ಕಾಯ್ತಾ ಕೂತ್ರೆ ಸೆಮಿಸ್ಟರ್ರೇ ಮುಗ್ದೋಗುತ್ತೆ. ದುಡ್ಡು ಕೊಟ್ರೆ ಕೆಲಸ ಆಗೋ ಜಾಗ ಬೇಕಿತ್ತು, ಸಿಕ್ತು.

ಇಷ್ಟು ದುಬಾರಿ ಮೆಷಿನ್ ಯಾಕೆ, ಕಾಲೇಜಿನ ಮೈಕ್ರೋಸ್ಕೋಪಲ್ಲಿ ಕಾಣಲ್ವಾ ಅಂತ ನಮ್ ಪ್ರಿನ್ಸಿಪಾಲ್ರೂ ಕೇಳಿದ್ರು. ಕಾಣುತ್ತೆ, ಆದ್ರೆ ಏನೂ ಗೊತ್ತಾಗಲ್ಲ. ಮನುಷ್ಯನ ಸ್ಪರ್ಮ್ ಆದ್ರೆ ತಲೆ ಇದೆ, ಬಾಲ ಇದೆ, ಹತ್ತನೇ ಕ್ಲಾಸ್ ಮಗೂನೂ ಬರೀ ಚಿತ್ರ ನೋಡಿ ಗುರುತು ಹಿಡಿಯುತ್ತೆ. ಫ್ಲೂಕಿನ ಸ್ಪರ್ಮ್ ಒಂದು ಬರೀ ದಾರ. ತಲೆ ಅಂತ ದಪ್ಪ ಆಗೋ ಜಾಗಾನೇ ಇಲ್ಲ, ಈ ತುದಿಯಿಂದ ಆ ತುದಿವರೆಗೂ ಎಳೆ. ಉದ್ದ ನೋಡಿದ್ರೆ ಮನುಷ್ಯನದ್ದು ಸುಮಾರು 50-60 ಮೈಕ್ರಾನ್, ಇವುಗಳಲ್ಲಿ ಎಷ್ಟೋ ಜಾತಿದು 200 ದಾಟುತ್ತೆ. ಆದ್ರೆ ಒಳಗಿರೋ ಕಶಾಂಗದ ಕಂಬ, ಆಕ್ಸೊನೀಮ್ ಅಂತಾರಲ್ಲ, ಅದರ ಅಗಲ ಸುಮಾರು 0.2 ಮೈಕ್ರಾನ್. ಬೆಳಕಿನ ಮೈಕ್ರೋಸ್ಕೋಪಿನ ಶಕ್ತಿ ಮುಗಿಯೋದೂ ಅಲ್ಲೇ. ಅದರೊಳಗೆ ಎಷ್ಟು ಕೊಳವೆ ಇದೆ, ಹೇಗೆ ಜೋಡ್ಸಿದೆ ಅಂತ ನೋಡ್ಬೇಕು ಅಂದ್ರೆ 60ರಿಂದ 90 ನ್ಯಾನೋಮೀಟರ್ ದಪ್ಪದ ಸೆಕ್ಷನ್ ಕುಯ್ದು ಎಲೆಕ್ಟ್ರಾನ್ ಹಾಯಿಸ್ಲೇಬೇಕು, ಬೇರೆ ದಾರಿ ಇಲ್ಲ.

ಸ್ಯಾಂಪಲ್ ವಿಚಾರಕ್ಕೆ ಬಂದ್ರೆ ಇದು ಊರಲ್ಲೇ ಅತಿ ಸುಲಭ. ಶಿವಾಜಿನಗರ ಮಾರ್ಕೆಟ್ ಕಡೆ ಬೆಳಿಗ್ಗೆ ಬೇಗ ಹೋದ್ರೆ ಬೋಟಿ ಕ್ಲೀನ್ ಮಾಡೋರು ಸಿಗ್ತಾರೆ. ಕುರಿಯ ಹೊಟ್ಟೆ, ಅಂದ್ರೆ ರೂಮೆನ್ ಒಳಗೋಡೆಗೆ ದಾಳಿಂಬೆ ಬೀಜದ ಥರ ಕೆಂಪಗೆ ಅಂಟ್ಕೊಂಡಿರ್ತವಲ್ಲ, ಅವೇ ಆಂಫಿಸ್ಟೋಮ್ ಫ್ಲೂಕುಗಳು. "ಅಣ್ಣಾ ಈ ಹುಳ ಇರೋ ತುಂಡು ಬೇಕು" ಅಂದ್ರೆ ಅವರು ನಮ್ಮ ಮುಖ ನೋಡೋ ರೀತಿ ಬೇರೆನೇ. "ಮೇಡಂ, ಹುಳ ಇಲ್ದಿರೋದೇ ಕೊಡ್ತೀನಿ ತಗೊಳಿ, ಇದ್ಯಾಕೆ" ಅಂತ ಪಾಪ ಒಳ್ಳೆ ಮನಸ್ಸಿಂದ ಹೇಳಿದ್ರು. ಬೋಟಿ ಗೊಜ್ಜು ತಿನ್ನೋರು ಗಾಬರಿ ಬೀಳ್ಬೇಡಿ, ಇದು ಕುರಿಗೆ ಬರೋದು ಹುಲ್ಲು ಮೇಯೋವಾಗ, ನಡುವೆ ನೀರಿನ ಬಸವನಹುಳು ಒಂದು ಬೇಕೇ ಬೇಕು, ತೊಳೆದು ಬೇಯಿಸಿದ ಬೋಟಿಯಿಂದ ಯಾರಿಗೂ ಏನೂ ಅಂಟ್ಕೊಳಲ್ಲ. ಅದೇ ಕುರಿಯ ಕರುಳಲ್ಲಿ ಅದೃಷ್ಟ ಇದ್ರೆ ಮೊನೀಜಿಯಾ ಅನ್ನೋ ಲಾಡಿಹುಳೂ ಸಿಗುತ್ತೆ. ಒಂದೇ ಬೋಟಿಲಿ ಎರಡು ಬೇರೆ ಬೇರೆ ವರ್ಗದ ಚಪ್ಪಟೆ ಹುಳು, ಎರಡನ್ನೂ ಕೊಟ್ವಿ.

ಲ್ಯಾಬಿನ ಒಳ್ಳೆತನ ಶುರುವಾಗೋದು ಇಲ್ಲಿಂದ. ಮೊದಲೇ ಫೋನ್ ಮಾಡಿದ್ರೆ ಫಿಕ್ಸೇಟಿವ್ ಇರೋ ಸಣ್ಣ ಬಾಟಲಿಗಳನ್ನ ಅವ್ರೇ ಕೊಡ್ತಾರೆ, 2.5 ಪರ್ಸೆಂಟ್ ಗ್ಲುಟರಾಲ್ಡಿಹೈಡು, ಕ್ಯಾಕೊಡೈಲೇಟ್ ಬಫರ್ರಲ್ಲಿ. ಇದರಲ್ಲಿ ಆರ್ಸೆನಿಕ್ ಇದೆ, ಗ್ಲೌಸ್ ಇಲ್ದೆ ಮುಟ್ಬೇಡಿ ಅಂತ ಬಾಟಲಿ ಮೇಲೆ ಕನ್ನಡದಲ್ಲೂ ಚೀಟಿ ಅಂಟಿಸಿದ್ರು, ಅದು ಇಷ್ಟ ಆಯ್ತು ನಂಗೆ, ಯಾಕಂದ್ರೆ ಕೊನೆಗೆ ಆ ಬಾಟಲಿ ತೊಳೆಯೋದು ನಮ್ ಲ್ಯಾಬ್ ಅಟೆಂಡರ್ರು. ಹುಳು ಸಾಯೋಕೆ ಮುಂಚೆ ಬೆಚ್ಚಗಿನ ಸಲೈನಲ್ಲಿ ತೊಳೆದು ತಕ್ಷಣ ಹಾಕ್ಬೇಕು, ಅರ್ಧ ಗಂಟೆ ಟ್ರಾಫಿಕಲ್ಲಿ ಹಾಗೇ ತಗೊಂಡ್ ಹೋದ್ರೆ ಒಳಗಿನ ಪೊರೆಗಳೆಲ್ಲ ಹರಿದು ಚಿಂದಿ ಆಗಿರ್ತವೆ ಅಂತ ಟೆಕ್ನಿಷಿಯನ್ ಮೊದ್ಲೇ ಎಚ್ಚರಿಸಿದ್ರು. ಫಿಕ್ಸ್ ಆದ್ಮೇಲೆ ಐಸ್ ಬಾಕ್ಸಲ್ಲಿಟ್ಕೊಂಡು ಮೆಟ್ರೋದಲ್ಲಿ ನಿಧಾನಕ್ಕೆ ಹೋಗ್ಬಹುದು. ಮುಂದಿಂದು ಅವರ ಕೆಲಸ: ಆಸ್ಮಿಯಂ ಟೆಟ್ರಾಕ್ಸೈಡು, ಆಲ್ಕೋಹಾಲಲ್ಲಿ ನೀರು ತೆಗೆಯೋದು, ರೆಸಿನ್, ಓವನ್ನಲ್ಲಿ 60 ಡಿಗ್ರಿಲಿ ಗಟ್ಟಿ ಮಾಡೋದು.

ಆಮೇಲೆ ನೇರ ಟಿಇಎಂಗೆ ಹೋಗಲ್ಲ ಇವ್ರು. ಮೊದಲು ಒಂದು ಮೈಕ್ರಾನ್ ಆಸುಪಾಸಿನ ದಪ್ಪ ಸೆಕ್ಷನ್ ಕುಯ್ದು ಟೊಲುಯಿಡಿನ್ ಬ್ಲೂ ಬಣ್ಣ ಹಾಕಿ ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸ್ತಾರೆ, "ಮೇಡಂ ಇದ್ರಲ್ಲಿ ಯಾವ್ ಜಾಗ ಬೇಕು" ಅಂತ. ಇದಕ್ಕೆ ಎಕ್ಸ್‌ಟ್ರಾ ಚಾರ್ಜ್ ಇಲ್ಲ. ಇದೊಂದೇ ಕಾರಣಕ್ಕೆ ಇವರ ಹತ್ರ ಮತ್ತೆ ಹೋಗಬಹುದು. ಯಾಕಂದ್ರೆ ಸ್ಪರ್ಮ್ ಹೇಗೆ ತಯಾರಾಗುತ್ತೆ ನೋಡ್ಬೇಕು ಅಂದ್ರೆ ವೃಷಣ ಕುಯ್ಯಬೇಕು, ತಯಾರಾದ ಸ್ಪರ್ಮ್ ಹೇಗಿದೆ ನೋಡ್ಬೇಕು ಅಂದ್ರೆ ಸೆಮಿನಲ್ ವೆಸಿಕಲ್ ಕುಯ್ಯಬೇಕು, ಎರಡೂ ಬೇರೆ ಜಾಗ, ತಪ್ಪು ಜಾಗ ಕುಯ್ದ್ರೆ ದುಡ್ಡು ನೀರಲ್ಲಿ.

ಈಗ ಚಿತ್ರಗಳ ಬಗ್ಗೆ. ನಾನು ವರ್ಷಗಟ್ಟಲೆ ಬೋರ್ಡ್ ಮೇಲೆ ಚಾಕ್‌ಪೀಸಲ್ಲಿ ಬರೆದಿದ್ದನ್ನ ಸ್ಕ್ರೀನ್ ಮೇಲೆ ನೋಡಿದ್ದು ಇದೇ ಮೊದಲು. ಫ್ಲೂಕಿನ ವೃಷಣದಲ್ಲಿ ಒಂದು ತಾಯಿಕೋಶ ಒಡೆದು ಒಡೆದು ಕೊನೆಗೆ 32 ಸ್ಪರ್ಮಾಟಿಡ್, ಅಂದ್ರೆ ಇನ್ನೂ ಸ್ಪರ್ಮ್ ಆಗ್ದಿರೋ ಎಳೆ ಕೋಶ, ಆಗ್ತವೆ, ಆದ್ರೆ ಅವು ಪೂರ್ತಿ ಬೇರೆ ಆಗಲ್ಲ, ನಡುವೆ ಸೈಟೊಫೋರ್ ಅನ್ನೋ ಒಂದೇ ಸೈಟೊಪ್ಲಾಸಂ ಮುದ್ದೆಗೆ ಅಂಟ್ಕೊಂಡು ಸುತ್ತ ನಿಂತಿರ್ತವೆ. ಪ್ರತಿ ಸ್ಪರ್ಮಾಟಿಡಲ್ಲೂ ಒಂದು ಮೂಲೆ ಮೊನಚಾಗಿ ಹೊರಗೆ ಬರುತ್ತೆ, ಅದನ್ನ ಡಿಫರೆನ್ಶಿಯೇಷನ್ ಜೋನ್ ಅಂತಾರೆ. ಅದರ ಪೊರೆ ಒಳಗಡೆ ಸಾಲಾಗಿ ಮೈಕ್ರೋಟ್ಯೂಬ್ಯೂಲು ಅನ್ನೋ ಅತಿ ಸಣ್ಣ ಕೊಳವೆಗಳು, ಒಳಗೆ ಎರಡು ಸೆಂಟ್ರಿಯೋಲು (ಬಾಲ ಹುಟ್ಟೋ ಬುಡ), ಎರಡರ ಮಧ್ಯೆ ಕಪ್ಪು ಪಟ್ಟೆ ಪಟ್ಟೆಯಾಗಿ ಇಂಟರ್‌ಸೆಂಟ್ರಿಯೋಲಾರ್ ಬಾಡಿ. ಆ ಪಟ್ಟೆಗಳನ್ನ ಎಣಿಸೋಷ್ಟು ಸ್ಪಷ್ಟವಾಗಿ ಕುಯ್ದಿದಾರೆ ಪುಣ್ಯಾತ್ಮರು, ಒಂದು ಚಾಕು ಗೀರಿಲ್ಲ, ಸುಕ್ಕಿಲ್ಲ.

ಎರಡೂ ಸೆಂಟ್ರಿಯೋಲಿಂದ ಒಂದೊಂದು ಬಾಲ ಹೊರಡುತ್ತೆ, ಹೌದು ಎರಡು ಬಾಲ, ಎಡಕ್ಕೊಂದು ಬಲಕ್ಕೊಂದು, ನಡುವೆ ಸೈಟೊಪ್ಲಾಸಂನ ಒಂದು ಚಾಚು. ಮೊದಲು ಬಾಲಗಳು ಚಾಚಿಗೆ ಹೆಚ್ಚುಕಮ್ಮಿ ಅಡ್ಡಡ್ಡ ನಿಂತಿರ್ತವೆ, ಆಮೇಲೆ ತಿರುಗಿ ತಿರುಗಿ ಚಾಚಿನ ಪಕ್ಕಕ್ಕೆ ಸಮಾನಾಂತರ ಬರ್ತವೆ, ಬಂದು ಬುಡದಿಂದ ತುದಿ ಕಡೆಗೆ ಚಾಚಿನ ಜೊತೆ ಬೆಸ್ಕೋತವೆ. ಅಷ್ಟರಲ್ಲಿ ನ್ಯೂಕ್ಲಿಯಸ್ಸೂ ಮೈಟೊಕಾಂಡ್ರಿಯಾನೂ ಚಾಚಿನೊಳಗೆ ಜಾರ್ಕೊಂಡು ಬರ್ತವೆ, ಕೊನೆಗೆ ಬುಡ ಕಿರಿದಾಗಿ ಸ್ಪರ್ಮ್ ಕಳಚ್ಕೊಳುತ್ತೆ. ಅಂದ್ರೆ ಹೊರಗಡೆ ಬೆಳೆದ ಎರಡು ಬಾಲ ದೇಹದ ಒಳಗೇ ಸೇರ್ಕೊಂಡ್ಬಿಡ್ತು, ಅದಕ್ಕೇ ತಯಾರಾದ ಸ್ಪರ್ಮ್ ನೋಡಿದ್ರೆ ಬರೀ ದಾರ, ಬಾಲ ಎಲ್ಲಿ ತಲೆ ಎಲ್ಲಿ ಅಂತ ಹೇಳೋಕಾಗಲ್ಲ. ಅಷ್ಟೇ ಅಲ್ಲ, ನ್ಯೂಕ್ಲಿಯಸ್ ಇರೋದು ಹಿಂಭಾಗದ ಕಡೆ. ಮುಂಭಾಗದಲ್ಲಿ ಎರಡು ಆಕ್ಸೊನೀಮು, ಸುತ್ತ ಮೈಕ್ರೋಟ್ಯೂಬ್ಯೂಲು. ಇಷ್ಟೂ ಹಂತ ಈ ಲ್ಯಾಬ್ ಕೊಟ್ಟ ಚಿತ್ರಗಳಲ್ಲಿ ಇದೆ, ಬೆಸುಗೆ ಆಗೋ ಜಾಗದಲ್ಲಿ ಮೈಕ್ರೋಟ್ಯೂಬ್ಯೂಲ್ ಸಾಲು ನಾಲ್ಕು ಕಡೆ ಬ್ರೇಕ್ ಆಗಿರೋದು ಕೂಡ.

ಇನ್ನು ಕ್ರಾಸ್ ಸೆಕ್ಷನ್. ಸುತ್ತ ಒಂಬತ್ತು ಜೋಡಿ ಕೊಳವೆ, ಮನುಷ್ಯನ ಸ್ಪರ್ಮಲ್ಲಿ (9+2) ನಡುವೆ ಎರಡು ಕೊಳವೆ ಇರೋ ಕಡೆ ಇಲ್ಲಿ ದಪ್ಪನೆ ಒಂದೇ ಒಂದು ಕಂಬ. 9+1. ಈ ಒಂದು, ಕೊಳವೆನೇ ಅಲ್ಲ, ಸುರುಳಿ ಸುತ್ತಿರೋ ಬೇರೆಯದೇ ವಸ್ತು. ನನ್ನ ಸ್ಟೂಡೆಂಟ್ ಹುಡುಗಿ ಅದನ್ನ ಫೋನ್ ವಾಲ್‌ಪೇಪರ್ ಮಾಡ್ಕೊಂಡಿದಾಳೆ.

ಇಷ್ಟು ಚೆನ್ನಾಗಿ ಕುಯ್ದ ಮೇಲೆ ರಿಪೋರ್ಟ್ ಓಪನ್ ಮಾಡಿದ್ರೆ ಮೊದಲ ಲೈನೇ, "ಸ್ಪರ್ಮಟೊಜೋವಾದ ತಲೆ, ಮಿಡ್‌ಪೀಸ್ ಮತ್ತು ಬಾಲ ಸಹಜವಾಗಿವೆ." ಎರಡನೇ ಲೈನು, "ಅಕ್ರೋಸೋಮ್ ಇಂಟ್ಯಾಕ್ಟ್." ಮೂರನೇದು, "ಆಕ್ಸೊನೀಮ್ 9+2 ವಿನ್ಯಾಸ ಹೊಂದಿದೆ." ಸ್ವಾಮಿ, ತಲೆ ಇಲ್ಲ, ಮಿಡ್‌ಪೀಸ್ ಇಲ್ಲ, ಅಕ್ರೋಸೋಮ್ ಅಂದ್ರೆ ಸ್ಪರ್ಮ್ ತಲೆ ಮೇಲಿರೋ ಟೋಪಿ, ಫ್ಲೂಕಿನ ಸ್ಪರ್ಮಲ್ಲಿ ಅದೇ ಇಲ್ಲ, ಇಲ್ಲದೇ ಇರೋದು ಇಂಟ್ಯಾಕ್ಟ್ ಹೇಗಾಯ್ತು? 9+2 ಅಂತ ಬರೆದಿರೋ ವಾಕ್ಯದ ಪಕ್ಕದಲ್ಲೇ ಅಂಟಿಸಿರೋ ಚಿತ್ರದಲ್ಲಿ 9+1 ಅಂತ ಎದ್ದು ಕಾಣ್ತಿದೆ. ಯಾವ್ದೋ ಫರ್ಟಿಲಿಟಿ ಕ್ಲಿನಿಕ್ಕಿಗೆ ಮಾಡ್ಕೊಟ್ಟ ಟೆಂಪ್ಲೇಟು, ಮೇಲೆ ಸ್ಯಾಂಪಲ್ ನಂಬರ್ ಮಾತ್ರ ಚೇಂಜ್ ಮಾಡಿದಾರೆ.

ಫೋನ್ ಮಾಡ್ದೆ. ರಿಪೋರ್ಟ್ ಬರೆಯೋರು ಬಹಳ ಮರ್ಯಾದೆಯಿಂದ ಮಾತಾಡಿದ್ರು. "ಮೇಡಂ ಅದು ನಮ್ಮ ಸ್ಟ್ಯಾಂಡರ್ಡ್ ಫಾರ್ಮ್ಯಾಟು." ಸರಿ ಸರ್, ಆದ್ರೆ ನಡುವೆ ಎಷ್ಟು ಕಾಣ್ತಿದೆ ನಿಮ್ಗೇ ಅಂತ ಕೇಳ್ದೆ. ಸ್ವಲ್ಪ ಹೊತ್ತು ಬಿಟ್ಟು, "ಒಂದು ಕಾಣ್ತಿದೆ ಮೇಡಂ, ಇನ್ನೊಂದು ಫೋಕಸ್ಸಲ್ಲಿ ಇಲ್ವೇನೋ" ಅಂದ್ರು. ಬೇಕಾದ್ರೆ ಆ ಲೈನ್ ಡಿಲೀಟ್ ಮಾಡಿ ಹೊಸ ಪಿಡಿಎಫ್ ಕಳಿಸ್ತೀವಿ ಅಂದ್ರು, ಕಳಿಸಿದ್ರೂ ಕೂಡ, ಅದೇ ದಿನ. ಸ್ಪೀಡಿಗೆ ಮೆಚ್ಚಬೇಕು. ಹೊಸ ಪಿಡಿಎಫಲ್ಲಿ ಆಕ್ಸೊನೀಮ್ ಬಗ್ಗೆ ಒಂದಕ್ಷರ ಇಲ್ಲ, ಅಕ್ರೋಸೋಮ್ ಮಾತ್ರ ಇನ್ನೂ ಇಂಟ್ಯಾಕ್ಟಾಗೇ ಇದೆ.

ಒಂದು ನಂಬರ್ ತಪ್ಪಿಗೆ ಇಷ್ಟ್ಯಾಕೆ ಕೂಗಾಡ್ತೀರ ಅನ್ನೋರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಚಪ್ಪಟೆ ಹುಳುಗಳಿಗೆ ಮೂಳೆ ಇಲ್ಲ, ಚಿಪ್ಪಿಲ್ಲ, ಹೇಳ್ಕೊಳ್ಳೋ ಅಂಥ ಫಾಸಿಲ್ ದಾಖಲೆನೂ ಇಲ್ಲ. ಯಾರಿಗೆ ಯಾರು ಹತ್ತಿರದ ಸಂಬಂಧ ಅಂತ ತಿಳಿಯೋಕೆ ಡಿಎನ್‌ಎ ಓದೋ ಕಾಲಕ್ಕೆ ಮುಂಚೆ ಇದ್ದ ದೊಡ್ಡ ಸಾಕ್ಷಿಗಳಲ್ಲಿ ಒಂದು ಈ ಸ್ಪರ್ಮೇ. ಸ್ವೀಡನ್ನಿನ ಯಾನ್ ಹೆಂಡೆಲ್‌ಬರ್ಗ್ 1969ರಲ್ಲೇ ಎರಡು ಬಾಲದ ಸ್ಪರ್ಮಾಟಿಡಿಂದ ಬೇರೆ ಬೇರೆ ಥರದ ಸ್ಪರ್ಮ್ ಹೇಗೆ ಬೆಳೆಯುತ್ತೆ ಅಂತ ವಿವರವಾಗಿ ಬರೆದ್ರು. 1980ರ ದಶಕದಲ್ಲಿ ಜರ್ಮನಿಯ ಉಲ್ರಿಚ್ ಎಹ್ಲರ್ಸ್, ಈ 9+1 ಕಂಬ ಇರೋ ಗುಂಪನ್ನೆಲ್ಲ ಸೇರಿಸಿ ಟ್ರೆಪಾಕ್ಸೊನೆಮಾಟ ಅಂತ ಕರೆದ್ರು, ಅದರೊಳಗೆ ಪರಾವಲಂಬಿಗಳನ್ನೆಲ್ಲ ಸೇರಿಸಿ ನಿಯೋಡರ್ಮಾಟ ಅಂದ್ರು. ಫ್ಲೂಕು, ಲಾಡಿಹುಳು, ಮೀನಿನ ಕಿವಿರಲ್ಲಿರೋ ಮೊನೊಜೀನಿಯಾ ಎಲ್ಲಾ ಇದರಲ್ಲೇ. ಬಾಲಗಳು ಬುಡದಿಂದ ತುದಿಗೆ ಬೆಸೆಯೋದು ನಿಯೋಡರ್ಮಾಟದ ಮನೆತನದ ಗುರುತು. ಫ್ರಾನ್ಸಿನ ಜಾನ್ ಲೂ ಜಸ್ಟಿನ್ 1991ರಲ್ಲಿ ಈ ಸ್ಪರ್ಮ್ ಗುರುತುಗಳನ್ನೆಲ್ಲ ಒಂದೊಂದಾಗಿ ತಗೊಂಡು ಇದು ನಿಲ್ಲುತ್ತೆ, ಇದು ನಿಲ್ಲಲ್ಲ ಅಂತ ಜಾಲಾಡಿದ್ರು.

ಅಂದ್ರೆ ನಡುವೆ ಒಂದಾ ಎರಡಾ ಅನ್ನೋದರ ಮೇಲೆ ಇಡೀ ವಂಶವೃಕ್ಷದ ಒಂದು ದೊಡ್ಡ ಕೊಂಬೆ ನಿಂತಿದೆ, ರಿಪೋರ್ಟಲ್ಲಿ 9+2 ಅಂತ ಬರೆದ್ರೆ ನನ್ನ ಫ್ಲೂಕನ್ನ ಅದರ ಕುಲದಿಂದಲೇ ಆಚೆ ಹಾಕ್ದಂಗೆ. ಆಮೇಲೆ ಬಂದ ಡಿಎನ್‌ಎ ಕೆಲಸದಲ್ಲೂ ಟ್ರೆಪಾಕ್ಸೊನೆಮಾಟ, ನಿಯೋಡರ್ಮಾಟ ಎರಡೂ ಗಟ್ಟಿಯಾಗೇ ನಿಂತವು, ಮೈಕ್ರೋಸ್ಕೋಪ್ ಮುಂದೆ ಕೂತು ಎಣಿಸಿದೋರ ಶ್ರಮ ವ್ಯರ್ಥ ಆಗಿಲ್ಲ.

ಹಾಗಂತ ಸ್ಪರ್ಮ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ, ಇದನ್ನೂ ಹೇಳ್ಬೇಕು. ಏಸೀಲ್ ಅನ್ನೋ ಪುಟ್ಟ ಸಮುದ್ರದ ಹುಳುಗಳಿವೆ, ನೋಡೋಕೆ ಚಪ್ಪಟೆ, ಸ್ಪರ್ಮಿಗೆ ಎರಡು ಬಾಲ, ಅವೂ ದೇಹದೊಳಗೆ ಸೇರಿರ್ತವೆ. ಎಲ್ಲಾ ಲಕ್ಷಣ ಹೊಂದುತ್ತೆ ಅಂತ ಚಪ್ಪಟೆ ಹುಳುಗಳ ಜೊತೆನೇ ಇಟ್ಟಿದ್ರು. 1999ರಲ್ಲಿ ಜೀನ್ ನೋಡಿದ್ರೆ ಇವು ಚಪ್ಪಟೆ ಹುಳುಗಳೇ ಅಲ್ಲ, ಬೇರೆಯದೇ ಹಳೇ ಕವಲು. ಎರಡು ಬಾಲ ಎರಡು ಮನೆತನದಲ್ಲಿ ಬೇರೆ ಬೇರೆಯಾಗಿ ಬಂದಿದೆ. ಅವುಗಳ ಆಕ್ಸೊನೀಮಲ್ಲಿ 9+2 ಇದೆ, 9+1 ಇದೆ, 9+0 ಕೂಡ ಇದೆ, ಅಲ್ಲಿ 9+1 ಅಂದ್ರೂ ಫ್ಲೂಕಿನ ಸುರುಳಿ ಕಂಬ ಅಲ್ಲ.

ಬಾಲ ಕಳ್ಕೊಂಡಿರೋದಂತೂ ಯಾವ ಸಾಕ್ಷಿಗೂ ಬರಲ್ಲ. ಕ್ಯಾಟೆನ್ಯುಲಿಡ, ಪ್ರೊಲೆಸಿತೊಫೋರ ಅನ್ನೋ ಚಪ್ಪಟೆ ಹುಳು ಗುಂಪುಗಳ ಸ್ಪರ್ಮಿಗೆ ಬಾಲನೇ ಇಲ್ಲ, ಆದ್ರೆ ಅವು ಒಂದಕ್ಕೊಂದು ದೂರದ ನಂಟರು. ಮ್ಯಾಕ್ರೊಸ್ಟೋಮಮ್ ಅಂತ ಒಂದು ಪಾರದರ್ಶಕ ಹುಳು ಇದೆ, ಅದರ ಸ್ಪರ್ಮಿಗೂ ಬಾಲ ಇಲ್ಲ, ಬದ್ಲಿಗೆ ಪಕ್ಕದಲ್ಲಿ ಎರಡು ಗಟ್ಟಿ ಬಿರುಗೂದಲು. ಇದು ಉಭಯಲಿಂಗಿ, ಕೆಲವು ಜಾತಿಲಿ ಇಬ್ಬರೂ ಒಬ್ಬರಿಗೊಬ್ಬರು ಸ್ಪರ್ಮ್ ಕೊಟ್ಕೋತಾರೆ, ಕೊಟ್ಕೊಂಡಾದ್ಮೇಲೆ ಮೈ ಬಗ್ಗಿಸಿ ತನ್ನ ಹೆಣ್ಣು ರಂಧ್ರಕ್ಕೆ ತಾನೇ ಬಾಯಿ ಹಾಕಿ ಹೀರುತ್ತೆ. ಈಗಷ್ಟೇ ಬಂದ ಸ್ಪರ್ಮನ್ನ ಹೊರಗೆ ತೆಗೆಯೋ ಹುನ್ನಾರ ಅನ್ಸುತ್ತೆ, ಆ ಬಿರುಗೂದಲು ಇರೋದು ಕಿತ್ಕೊಂಡು ಬರದೇ ಇರೋ ಹಾಗೆ ಕಚ್ಕೊಂಡು ನಿಲ್ಲೋಕೆ. ಬೇರೆ ಕೆಲವು ಜಾತಿಗಳು ಚುಚ್ಚಿ ಸ್ಪರ್ಮ್ ಇಳಿಸ್ತವೆ, ಅಲ್ಲಿ ಹೀರೋಕೆ ಅವಕಾಶನೇ ಇಲ್ಲ, ಅವುಗಳ ಸ್ಪರ್ಮಲ್ಲಿ ಬಿರುಗೂದಲೂ ಇಲ್ಲ. ಲೂಕಾಸ್ ಶೇರರ್ ಮತ್ತೆ ಜೊತೆಗಾರರು 2011ರಲ್ಲಿ ಇದನ್ನ ಹಲವು ಜಾತಿಗಳಲ್ಲಿ ಹೋಲಿಸಿ ತೋರಿಸಿದ್ರು, ಕೂಡೋ ರೀತಿ ಬದಲಾದ ಹಾಗೆ ಸ್ಪರ್ಮಿನ ಆಕಾರನೂ ಬದಲಾಗಿದೆ ಅಂತ. ಕ್ಲಾಸಲ್ಲಿ ಇದನ್ನ ಹೇಳಿದ ದಿನ ಹಿಂದಿನ ಬೆಂಚೂ ಎದ್ದು ಕೂತಿತ್ತು.

ಲಾಡಿಹುಳ ಇಟ್ಟು ಗಟ್ಟಿ ಮಾಡಿದ ರೆಸಿನ್ ಬ್ಲಾಕಿಗೆ ಬರೋಣ. ಇದರ ಚಿತ್ರಗಳು ಫ್ಲೂಕಿಗಿಂತ ಚೆನ್ನಾಗಿ ಬಂದಿವೆ ಅಂತ ನನ್ನ ಅಭಿಪ್ರಾಯ. ಮೊನೀಜಿಯಾ ಸ್ಪರ್ಮಲ್ಲಿ ಒಂದೇ ಆಕ್ಸೊನೀಮು, ಮುಂದಿನ ತುದಿಲಿ ಜುಟ್ಟು ಥರ ಸುರುಳಿ ಸುತ್ತಿರೋ ಕ್ರೆಸ್ಟೆಡ್ ಬಾಡಿ, ಮೈಟೊಕಾಂಡ್ರಿಯಾ ಸೊನ್ನೆ. ಕರುಳಲ್ಲಿ ಗ್ಲೂಕೋಸ್ ಸಮುದ್ರದಲ್ಲೇ ಕೂತಿರೋ ಪ್ರಾಣಿಯ ಸ್ಪರ್ಮಿಗೆ ಮೈಟೊಕಾಂಡ್ರಿಯಾ ಯಾಕೆ ಅಂತ ಹುಡುಗ್ರು ತರ್ಕ ಮಾಡಿದ್ರು, ಅಷ್ಟು ಸರಳನಾ ಗೊತ್ತಿಲ್ಲ, ಆದ್ರೆ ಮೈಟೊಕಾಂಡ್ರಿಯಾ ಇಲ್ದಿರೋದು ಇಡೀ ಲಾಡಿಹುಳು ವರ್ಗದ ಗುರುತು ಅನ್ನೋದಂತೂ ನಿಜ. ಇದಕ್ಕೂ ರಿಪೋರ್ಟಲ್ಲಿ "ಮೈಟೊಕಾಂಡ್ರಿಯಲ್ ಶೀತ್ ಸಹಜ" ಅಂತ ಇತ್ತು, ಹೇಳೋದೇ ಬೇಡ.

ಆದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಲಾಡಿಹುಳದ ಸ್ಪರ್ಮನ್ನ ಅಡ್ಡಕ್ಕೆ ಕುಯ್ದ್ರೆ ಒಳಗಿನ ಆಕ್ಸೊನೀಮ್ ದುಂಡಗೆ ನೀಟಾಗಿ ಕಾಣುತ್ತೆ, ಪೊರೆ ಕೆಳಗಿರೋ ಮೈಕ್ರೋಟ್ಯೂಬ್ಯೂಲುಗಳು ಮಾತ್ರ ಓರೆಯಾಗಿ, ಎಳೆದ ಹಾಗೆ ಕಾಣ್ತವೆ. ರಿಪೋರ್ಟಲ್ಲಿ ಇದಕ್ಕೆ "ಕಸ್ಟಮರ್ ಕಡೆ ಫಿಕ್ಸೇಷನ್ ಸರಿಯಾಗಿಲ್ಲ" ಅಂತ ಷರಾ. ಅಲ್ಲ ಸ್ವಾಮಿ, ಒಂದೇ ಸೆಕ್ಷನ್ನಲ್ಲಿ ಒಳಗಿಂದು ಸರಿಯಿದ್ದು ಹೊರಗಿಂದು ಮಾತ್ರ ಫಿಕ್ಸ್ ಆಗ್ದೆ ಇರೋಕೆ ಹೇಗೆ ಸಾಧ್ಯ? ಮೊನೀಜಿಯಾ ಸೇರೋ ಸೈಕ್ಲೊಫಿಲ್ಲಿಡ ಗುಂಪಿನ ಲಾಡಿಹುಳುಗಳಲ್ಲಿ ಈ ಮೈಕ್ರೋಟ್ಯೂಬ್ಯೂಲುಗಳು ನೆಟ್ಟಗೆ ಹೋಗಲ್ಲ, ಹಗ್ಗ ಹೊಸೆದ ಹಾಗೆ ಓರೆಯಾಗಿ ಸುತ್ಕೊಂಡ್ ಹೋಗ್ತವೆ, ಅಡ್ಡ ಕುಯ್ದಾಗ ಓರೆ ಕಾಣ್ಲೇಬೇಕು. ಫ್ಲೂಕಲ್ಲಿ ನೆಟ್ಟಗೆ, ಇಲ್ಲಿ ಓರೆ, ಅದೇ ವ್ಯತ್ಯಾಸ ತೋರ್ಸೋಕೆ ಅಂತಾನೇ ಎರಡೂ ಬ್ಲಾಕ್ ಕೊಟ್ಟಿದ್ದು. ವಿಶೇಷ ಲಕ್ಷಣವನ್ನೇ ನಮ್ಮ ತಪ್ಪು ಅಂತ ಬರೆದ್ರೆ, ಗೊತ್ತಿಲ್ದೇ ಇರೋ ಸ್ಟೂಡೆಂಟ್ ಆ ಚಿತ್ರಗಳನ್ನ ಡಿಲೀಟ್ ಮಾಡಿ ಮತ್ತೆ ಬೋಟಿ ಅಂಗಡಿಗೆ ಓಡ್ತಾನೆ. ಬಾ (Bâ) ಮತ್ತು ಮಾರ್ಶಾಂ ಅನ್ನೋ ಇಬ್ಬರು ಸಂಶೋಧಕರು 1995ರಲ್ಲಿ ಲಾಡಿಹುಳುಗಳ ಸ್ಪರ್ಮ್ ಬೆಳವಣಿಗೆಯನ್ನ ನಾಲ್ಕು ಥರ ಅಂತ ವಿಂಗಡಿಸಿದ್ರು, ಎರಡು ಬಾಲ ತಿರುಗಿ ಬೆಸೆಯೋದು ಒಂದು ತುದಿ, ತಿರುಗೋದೂ ಇಲ್ಲ ಬೆಸೆಯೋದೂ ಇಲ್ಲ ನೇರ ಚಾಚಿನೊಳಗೇ ಒಂದು ಬಾಲ ಬೆಳೆಯೋದು ಇನ್ನೊಂದು ತುದಿ. ಈ ಥರ ಮೆಟ್ಟಿಲು ಮೆಟ್ಟಿಲಾಗಿ ಸರಳ ಆಗ್ತಾ ಹೋಗಿರೋದನ್ನ ಹಿಡಿಯೋದು ಇಂಥ ಓರೆ ಗೆರೆಗಳಿಂದಾನೇ.

ಇನ್ನೊಂದು ಮಾತು, ಪರೀಕ್ಷೆಗೆ ಓದೋರಿಗೆ ಉಪಯೋಗ ಆಗ್ಬಹುದು. ಪರಾವಲಂಬಿಗಳ ಹತ್ತಿರದ ಸ್ವತಂತ್ರಜೀವಿ ನಂಟ ಯಾರು ಅನ್ನೋ ಪ್ರಶ್ನೆಗೆ ಸ್ಪರ್ಮ್ ನೋಡಿ ಫೆಕ್ಯಾಂಪಿಡ ಅನ್ನೋ ಗುಂಪು ಅಂತ ಕೆಲವರು ಹೇಳ್ತಿದ್ರು, ಬೆಳವಣಿಗೆ ರೀತಿ ಅಷ್ಟು ಹೋಲುತ್ತೆ. 2015ರಲ್ಲಿ ನೂರಾರು ಜೀನ್ ಹೋಲಿಸಿದ ಎರಡು ಬೇರೆ ಬೇರೆ ತಂಡಗಳು ಬಾತ್ರಿಯೋಪ್ಲಾನ ಅನ್ನೋ ಸಿಹಿನೀರಿನ ಸಣ್ಣ ಹುಳು ಅಂದ್ವು, ಫೆಕ್ಯಾಂಪಿಡ ಹೋಗಿ ಪ್ಲನೇರಿಯಾಗಳ ಪಕ್ಕ ಕೂತ್ಕೊಂಡ್ತು. ಹಳೇ ನೋಟ್ಸಲ್ಲಿ ಹಳೇ ಉತ್ತರನೇ ಇದೆ, ತಿದ್ಕೊಳಿ.

ದುಡ್ಡಿನ ಲೆಕ್ಕ: ಬ್ಲಾಕಿಗೆ ಬೇರೆ, ಗ್ರಿಡ್ಡಿಗೆ (ಸೆಕ್ಷನ್ ಕೂರ್ಸೋ ಪುಟ್ಟ ಜಾಲರಿ) ಬೇರೆ, ಮೆಷಿನ್ ಮುಂದೆ ಕೂರೋದು ಗಂಟೆ ಲೆಕ್ಕ. ರೇಟ್ ಬರೆಯಲ್ಲ, ಬದಲಾಗ್ತಾ ಇರುತ್ತೆ, ಕಾಲೇಜ್ ಲೆಟರ್‌ಹೆಡ್ ತಗೊಂಡ್ ಹೋದ್ರೆ ಕಮ್ಮಿ ಮಾಡ್ತಾರೆ, ಜಿಎಸ್‌ಟಿ ಮಾತ್ರ ಬಿಡಲ್ಲ. ಚಿತ್ರಗಳನ್ನ ಟಿಫ್ ಫಾರ್ಮ್ಯಾಟಲ್ಲಿ ಸ್ಕೇಲ್ ಬಾರ್ ಸಮೇತ ಕೊಡ್ತಾರೆ, ವಾಟ್ಸಾಪಲ್ಲಿ ಬಂದಿದ್ದನ್ನೇ ಥೀಸಿಸ್ಸಿಗೆ ಹಾಕ್ಬೇಡಿ. ನಾವು ಹುಡುಗ್ರನ್ನ ಕರ್ಕೊಂಡ್ ಹೋಗಿದ್ವಿ, ಟೆಕ್ನಿಷಿಯನ್ ಅವರಿಗೆ ಡೈಮಂಡ್ ಚಾಕು ತೋರ್ಸಿ, ಸೆಕ್ಷನ್ ನೀರ ಮೇಲೆ ತೇಲೋವಾಗ ಅದರ ಬಣ್ಣ ನೋಡೇ ದಪ್ಪ ಹೇಳೋದು ಹೇಗೆ ಅಂತ ಕಲಿಸಿಕೊಟ್ರು, ಬೆಳ್ಳಿ ಬಣ್ಣ ಇದ್ರೆ ಸರಿ, ಬಂಗಾರಕ್ಕೆ ತಿರುಗಿದ್ರೆ ದಪ್ಪ ಜಾಸ್ತಿ ಅಂತ. ಆ ಮನುಷ್ಯನ ಕೈ ಬಂಗಾರ. ರಿಸೆಪ್ಷನ್ನಲ್ಲಿ ಕೂರೋಕೆ ಜಾಗ ಇಲ್ಲ, ಕಾಫಿ ಬೇಕಂದ್ರೆ ಹೊರಗೆ ದರ್ಶಿನಿಗೇ ಹೋಗ್ಬೇಕು, ಪಾರ್ಕಿಂಗ್ ಕೇಳ್ಲೇಬೇಡಿ.

ಹೋಗೋರಿಗೆ ಒಂದೆರಡು ಕಿವಿಮಾತು. ಕ್ರಾಸ್ ಸೆಕ್ಷನ್ ಒಂದೇ ಜಾಗದ್ದು ತಗೋಬೇಡಿ. ಸ್ಪರ್ಮ್ ಮುಂದೆ, ನಡುವೆ, ಹಿಂದೆ ಎಲ್ಲಾ ಕಡೆ ಬೇರೆ ಬೇರೆ ಥರ ಇರುತ್ತೆ, ಒಂದು ಕಡೆ ಎರಡು ಆಕ್ಸೊನೀಮ್ ಇದ್ರೆ ಇನ್ನೊಂದು ಕಡೆ ಒಂದೇ ಉಳ್ದಿರುತ್ತೆ, ಒಂದೇ ಚಿತ್ರ ನೋಡಿ "ಒಂದು ಬಾಲದ್ದು" ಅಂತ ಬರೆದ್ರೆ ಮುಗೀತು. ಸೆಮಿನಲ್ ವೆಸಿಕಲಲ್ಲಿ ನೂರಾರು ಸ್ಪರ್ಮ್ ಬೇರೆ ಬೇರೆ ಮಟ್ಟದಲ್ಲಿ ಒಟ್ಟಿಗೆ ಕುಯ್ದಿರುತ್ತೆ, ಹಾಗಾಗಿ ಒಂದು ಒಳ್ಳೆ ಗ್ರಿಡ್ಡಲ್ಲೇ ಎಲ್ಲಾ ಮಟ್ಟ ಸಿಗುತ್ತೆ, ಮೆಷಿನ್ ಟೈಮ್ ಒಂದು ಗಂಟೆ ಜಾಸ್ತಿ ತಗೊಳಿ, ಬ್ಲಾಕ್ ಜಾಸ್ತಿ ಬೇಡ. ಪ್ಲನೇರಿಯಾ ಕೊಡೋರು ಮೊದಲು ನಿಮ್ಮ ಹುಳುಗೆ ವೃಷಣ ಇದೆಯಾ ನೋಡ್ಕೊಳಿ, ತೊಟ್ಟಿಲಿ ಸಾಕಿರೋ ಎಷ್ಟೋ ಪ್ಲನೇರಿಯಾ ಬರೀ ತುಂಡಾಗಿ ತುಂಡಾಗಿ ಬೆಳೆಯೋ ಜಾತಿ, ಅದ್ರಲ್ಲಿ ಸ್ಪರ್ಮ್ ಹುಡುಕಿದ್ರೆ ಸಿಗಲ್ಲ. ಜಿಕೆವಿಕೆ ಕ್ಯಾಂಪಸ್ಸಿನ ಇನ್‌ಸ್ಟೆಮ್ ಅನ್ನೋ ಸಂಶೋಧನಾ ಸಂಸ್ಥೆಲಿ ಪ್ಲನೇರಿಯಾ ಮೇಲೆ ಕೆಲಸ ನಡೆಯುತ್ತೆ, ಆದ್ರೆ ಅಲ್ಲಿ ನೋಡೋದು ಕಡಿದ ದೇಹ ಮತ್ತೆ ಬೆಳೆಯೋದನ್ನ, ಅದು ಬೇರೆ ಕಥೆ.

ಮುಂದಿನ ಸಲ ಮೊನೊಜೀನಿಯಾ ಕೊಡೋಣ ಅಂತಿದೀವಿ. ಕಾಟ್ಲಾ ಮೀನಿನ ಕಿವಿರಲ್ಲಿ ಡ್ಯಾಕ್ಟಿಲೊಗೈರಸ್ ಸಿಗುತ್ತೆ, ಅದರ ಸ್ಪರ್ಮಲ್ಲಿ ಒಂದೇ ಆಕ್ಸೊನೀಮು, ಪೊರೆ ಕೆಳಗೆ ಮೈಕ್ರೋಟ್ಯೂಬ್ಯೂಲೇ ಇಲ್ಲ. ಮೊನೊಜೀನಿಯಾದ ಇನ್ನೊಂದು ಕವಲಲ್ಲಿ ಎರಡು ಆಕ್ಸೊನೀಮೂ ಇದೆ, ಮೈಕ್ರೋಟ್ಯೂಬ್ಯೂಲೂ ಇದೆ, ಈ ಎರಡು ಕವಲು ನಿಜಕ್ಕೂ ಒಂದೇ ಮನೆಯವಾ ಅಂತ ಜಗಳ ಶುರುವಾಗಿದ್ದೂ ಸ್ಪರ್ಮಿಂದಾನೇ. ಹುಳು ತೀರಾ ಸಣ್ಣದು, ರೆಸಿನಲ್ಲಿ ಕಳ್ದೋಗದೇ ಇರೋ ಹಾಗೆ ನೋಡ್ಕೋತೀನಿ ಅಂತ ಟೆಕ್ನಿಷಿಯನ್ ಒಪ್ಪಿದಾರೆ. ಕೊಟೇಷನ್ನಲ್ಲಿ "ಇಂಟರ್‌ಪ್ರಿಟೇಷನ್ ರಿಪೋರ್ಟ್ ಬೇಡ" ಅಂತ ಬರೆಸಿದೀನಿ. ಬೇಡ ಅಂದ್ರೂ ಅದರ ಚಾರ್ಜ್ ಪ್ಯಾಕೇಜಲ್ಲೇ ಸೇರಿರುತ್ತಂತೆ, ಕಮ್ಮಿ ಮಾಡೋಕಾಗಲ್ವಂತೆ.